ವಿಶ್ವಕಪ್ಪಿನ ಹಾದಿ, ಟಿ. ದಾಸರಹಳ್ಳಿ

1997ರಲ್ಲಿ ಬಂದ ‘ಫಿಫಾ: ರೋಡ್ ಟು ವರ್ಲ್ಡ್ ಕಪ್ 98’ ಎಂಬ ಕಂಪ್ಯೂಟರ್ ಆಟದಲ್ಲಿ ಆಟಗಾರರಿಗೆ ನೆಟ್ಟಗೆ ಮುಖವಿಲ್ಲ. ಮೈಕೈಯೆಲ್ಲ ಕೋನ ಕೋನ. ಗ್ಯಾಲರಿಯ ಜನ ಬರೀ ಬಣ್ಣದ ಚುಕ್ಕಿಗಳು. ಈಗಿನ ಫುಟ್‌ಬಾಲ್ ಆಟಗಳಲ್ಲಿ ಓಡಿ ಬಂದವನ ಹಣೆಯ ಬೆವರೂ ಕಾಣುತ್ತದೆ, ಜೆರ್ಸಿ ಗಾಳಿಗೆ ಅಲುಗುತ್ತದೆ. ಇಷ್ಟೆಲ್ಲ ಕೈಗೆಟುಕುವಾಗಲೂ ಜನ ಆ ಹಳೆಯ ಆಟಕ್ಕೆ ಮರಳುತ್ತಾರೆ. ಅದಕ್ಕೆಂದೇ ಹಳೆಯ ಕಂಪ್ಯೂಟರನ್ನು ಮೂಲೆಯಲ್ಲಿ ಉಳಿಸಿಕೊಂಡವರಿದ್ದಾರೆ. ಹೊಸ ಲ್ಯಾಪ್‌ಟಾಪಿಗೆ ಹಳೆಯ ಯಂತ್ರದ ವೇಷ ಹಾಕಿಸಿ ಆಡುವವರೂ ಇದ್ದಾರೆ. ಅದರಲ್ಲಿ ಅವರಿಗೆ ಸಿಗುವುದೇನು?

ಬಾಲ್ಯದ ನೆನಪು ಎಂಬ ಉತ್ತರ ಬಾಯಿಗೆ ಮೊದಲು ಬರುತ್ತದೆ. ನನಗೆ ಅದು ಸಾಲದು. ನೆನಪಿಗಾಗಿ ಆಡುವವನು ಒಂದು ಸಂಜೆ ಆಡಿ, ಮನಸ್ಸು ತುಂಬಿಸಿಕೊಂಡು ಎದ್ದು ಹೋಗುತ್ತಾನೆ, ವರ್ಷಗಟ್ಟಲೆ ಆಡುವುದಿಲ್ಲ. ಆ ಆಟ ಬಂದಾಗ ಹುಟ್ಟಿಯೇ ಇರದ ಹುಡುಗರೂ ಅದಕ್ಕೆ ಅಂಟಿಕೊಳ್ಳುವುದುಂಟು. ಅವರಿಗೆ ನೆನೆಯಲು ಅಂಥ ಬಾಲ್ಯವೇ ಇರಲಿಲ್ಲ. ಅದೇ ವರ್ಷಗಳಲ್ಲಿ ಬಂದ ಎಷ್ಟೋ ಆಟಗಳು ಹೇಳಹೆಸರಿಲ್ಲದೆ ಹೋದವು. ಅವನ್ನೂ ಯಾರೋ ತಮ್ಮ ಬಾಲ್ಯದಲ್ಲಿ ಆಡಿದ್ದರಲ್ಲ? ಹಳತಾದ ಮಾತ್ರಕ್ಕೆ ಯಾವುದೂ ಉಳಿಯುವುದಿಲ್ಲ. ಉಳಿದದ್ದರ ಒಳಗೇ ಏನೋ ಇರಬೇಕು.

ನಾನು ಇದನ್ನು ಯೋಚಿಸುತ್ತಿರುವುದು ಟಿ. ದಾಸರಹಳ್ಳಿಯಲ್ಲಿ ಕೂತು. ತುಮಕೂರು ರಸ್ತೆಯ ಎಂಟನೇ ಮೈಲಿಯ ಊರು. ಒಂದು ಮಗ್ಗುಲಿಗೆ ಪೀಣ್ಯ, ಇನ್ನೊಂದು ಮಗ್ಗುಲಿಗೆ ಜಾಲಹಳ್ಳಿ. ಆ ಆಟ ಬಂದ ಕಾಲಕ್ಕೆ ಇದು ಬೆಂಗಳೂರು ಮಹಾನಗರದ ಲೆಕ್ಕಕ್ಕೆ ಸೇರಿರಲಿಲ್ಲ. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ದಾಸರಹಳ್ಳಿ ನಗರಸಭೆ ಅದರೊಳಗೆ ಸೇರಿಹೋಯಿತು. ಮೆಟ್ರೋ ಬಂದದ್ದು 2015ರಲ್ಲಿ. ಅದಕ್ಕೂ ಮುಂಚಿನಿಂದ ಇಲ್ಲಿಯ ದಿನವನ್ನು ಆಳಿದ್ದು ಶಿಫ್ಟು. ಹಾಸನ, ಕುಣಿಗಲ್, ಚನ್ನರಾಯಪಟ್ಟಣಗಳಿಂದ, ಆಮೇಲೆ ರಾಯಚೂರು ಕಲಬುರಗಿಗಳಿಂದ, ಇನ್ನೂ ಆಮೇಲೆ ಒಡಿಶಾ, ಬಿಹಾರ, ಮಣಿಪುರಗಳಿಂದ ಬಂದವರು ಶೀಟಿನ ಮನೆಗಳಲ್ಲಿ, ವಠಾರದ ರೂಮುಗಳಲ್ಲಿ ಮೂರು ನಾಲ್ಕು ಮಂದಿ ಸೇರಿ ಬಾಡಿಗೆ ಹಂಚಿಕೊಂಡರು. ಫಸ್ಟ್ ಶಿಫ್ಟಿನವನು ಎದ್ದ ಚಾಪೆಯ ಮೇಲೆ ನೈಟ್ ಶಿಫ್ಟಿನವನು ಬಂದು ಮಲಗುತ್ತಿದ್ದ.

ಅಂಥ ಓಣಿಗಳಲ್ಲೇ ವಿಡಿಯೋ ಗೇಮ್ ಅಂಗಡಿಗಳೂ ಸೈಬರ್ ಸೆಂಟರ್‌ಗಳೂ ಎದ್ದವು. ಎಸ್‌.ಪಿ. ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರು, ಮೆಜೆಸ್ಟಿಕ್ ಸುತ್ತಮುತ್ತ ಕೊಂಡ ಸಿ.ಡಿ., ಗಂಟೆಗಿಷ್ಟು ಎಂದು ಗೋಡೆಗೆ ಅಂಟಿಸಿದ ಚೀಟಿ. ಒಬ್ಬನಿಗೆ ಜಾಯ್‌ಸ್ಟಿಕ್, ಇನ್ನೊಬ್ಬನಿಗೆ ಕೀಬೋರ್ಡ್. ಜಾಯ್‌ಸ್ಟಿಕ್ ಯಾರಿಗೆ ಎಂಬ ಜಗಳ ಪಂದ್ಯಕ್ಕಿಂತ ಮುಂಚೆ ಮುಗಿಯಬೇಕು. ಬೆನ್ನ ಹಿಂದೆ ನಾಲ್ಕಾರು ಮಂದಿ ತಮ್ಮ ಸರದಿಗೆ ಕಾಯುತ್ತ, ಪಾಸ್ ಕೊಡು ಪಾಸ್ ಕೊಡು ಎನ್ನುತ್ತ ನಿಂತಿರುತ್ತಿದ್ದರು. ಇಂಗ್ಲೆಂಡಿನ ಜಾನ್ ಮಾಟ್ಸನ್ ಅವರ ಕಾಮೆಂಟರಿ ಅರ್ಥವಾಗದಿದ್ದರೂ ಅದರ ಏರಿಳಿತ ಎಲ್ಲರಿಗೂ ಬಾಯಿಪಾಠ.

ಇದೇ ಹುಡುಗರು ಬಯಲು ಸಿಕ್ಕಾಗ ಆಡುತ್ತಿದ್ದದ್ದು ಕ್ರಿಕೆಟ್ಟು. ಫುಟ್‌ಬಾಲನ್ನು ಒಮ್ಮೆಯೂ ಕಾಲಿನಿಂದ ಮುಟ್ಟದವರು ಸ್ಕ್ರೀನಿನ ಮುಂದೆ ಫುಟ್‌ಬಾಲಿಗೇ ಕೂರುತ್ತಿದ್ದರು. ಕಂಪ್ಯೂಟರಿನಲ್ಲಿ ಕ್ರಿಕೆಟ್ ಇರಲಿಲ್ಲವೆಂದಲ್ಲ. ಅದರಲ್ಲಿ ಒಬ್ಬ ಎಸೆಯುತ್ತಾನೆ, ಒಬ್ಬ ಹೊಡೆಯುತ್ತಾನೆ, ಮತ್ತೆ ಇಬ್ಬರೂ ಕಾಯುತ್ತಾರೆ. ಫುಟ್‌ಬಾಲಿನಲ್ಲಿ ಇಬ್ಬರ ಮನಸ್ಸೂ ಒಂದೇ ಗಳಿಗೆಯಲ್ಲಿ ಒಂದೇ ಚೆಂಡಿನ ಮೇಲೆ. ಅವನು ಏನು ಮಾಡುತ್ತಾನೆಂದು ನಾನು ಊಹಿಸಬೇಕು, ನಾನು ಊಹಿಸಿದ್ದೇನೆಂದು ಅವನೂ ಊಹಿಸಬೇಕು. ಪಕ್ಕದಲ್ಲಿ ಕೂತವನನ್ನು ಅಷ್ಟು ಹತ್ತಿರದಿಂದ ಅರಿಯಲು ಬೇರೆ ಅವಕಾಶ ಆ ದಿನಚರಿಯಲ್ಲಿ ಹೆಚ್ಚು ಇರಲಿಲ್ಲ. ಒಂದೇ ರೂಮಿನಲ್ಲಿದ್ದೂ ಬೇರೆ ಬೇರೆ ಶಿಫ್ಟಿನಿಂದಾಗಿ ಮಾತೇ ಆಡದವರು ವಾರದ ರಜೆಯ ದಿನ ಈ ಆಟದಲ್ಲಿ ಪರಿಚಯವಾಗುತ್ತಿದ್ದರು.

ಆ ಆಟದಲ್ಲಿ ಒಳಾಂಗಣ ಪಂದ್ಯವೂ ಇತ್ತು. ಸುತ್ತ ಗೋಡೆ, ಚೆಂಡು ಹೊರಗೆ ಹೋಗುವುದೇ ಇಲ್ಲ, ಗೋಡೆಗೆ ಬಡಿದು ಮರಳುತ್ತದೆ. ಜಗತ್ತಿನಾದ್ಯಂತ ಹಳೆಯ ಆಟಗಾರರು ಇಂದಿಗೂ ಪ್ರೀತಿಯಿಂದ ನೆನೆಯುವುದು ಈ ಭಾಗವನ್ನೇ. ಬಾಗಲಗುಂಟೆಯಲ್ಲೋ ಮಲ್ಲಸಂದ್ರದಲ್ಲೋ ಎರಡು ಕಾಂಪೌಂಡುಗಳ ನಡುವಿನ ಓಣಿಯಲ್ಲಿ ಚೆಂಡಾಡಿದವರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಗೋಡೆಯೂ ತಮ್ಮ ಕಡೆಯ ಒಬ್ಬ ಆಟಗಾರ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು.

ನನ್ನನ್ನು ಹೆಚ್ಚು ಹಿಡಿದಿಟ್ಟಿರುವುದು ಮಾತ್ರ ಆಟದ ಹೆಸರಿನಲ್ಲೇ ಇರುವ ಆ ಹಾದಿ. ಫಿಫಾದಲ್ಲಿ ನೋಂದಾಯಿತವಾಗಿದ್ದ 172 ದೇಶಗಳ ತಂಡಗಳೂ ಅದರಲ್ಲಿದ್ದವು. ಯಾವುದನ್ನು ಬೇಕಾದರೂ ಆರಿಸಿಕೊಂಡು, ಆಯಾ ಖಂಡದ ಅರ್ಹತಾ ಪಂದ್ಯಗಳನ್ನು ಒಂದೊಂದಾಗಿ ಆಡಿ, 1998ರ ಫ್ರಾನ್ಸ್ ವಿಶ್ವಕಪ್ಪಿನವರೆಗೆ ಹೋಗಬಹುದಿತ್ತು. ಪಟ್ಟಿಯಲ್ಲಿ ಭಾರತವೂ ಇತ್ತು.

ಆ ಹೊತ್ತಿಗೆ ನಿಜದ ಭಾರತದ ಹಾದಿ ಮುಗಿದಿತ್ತು. 1996ರ ಸೆಪ್ಟೆಂಬರಿನಲ್ಲಿ ದೋಹಾದಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ ಭಾರತವಿದ್ದದ್ದು ಕತಾರ್, ಶ್ರೀಲಂಕಾ, ಫಿಲಿಪ್ಪೀನ್ಸ್ ಜೊತೆಗಿನ ಗುಂಪಿನಲ್ಲಿ. ಮುಂದಕ್ಕೆ ಹೋದದ್ದು ಕತಾರ್. ವಿಶ್ವಕಪ್ಪಿನಲ್ಲಿ ಭಾರತ ಒಮ್ಮೆಯೂ ಆಡಿಲ್ಲ. 1950ರಲ್ಲಿ, ಎದುರಾಳಿಗಳು ಹಿಂದೆ ಸರಿದದ್ದರಿಂದ ಬ್ರೆಜಿಲ್‌ಗೆ ಹೋಗುವ ಅವಕಾಶ ತಾನಾಗಿ ಬಂದಿತ್ತು. ಭಾರತದ ಫುಟ್‌ಬಾಲ್ ಸಂಸ್ಥೆ ತಂಡವನ್ನು ಕಳಿಸಲಿಲ್ಲ. ಅದಕ್ಕೆ ಎರಡು ವರ್ಷ ಮುಂಚೆ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ತಂಡ ಫ್ರಾನ್ಸ್ ವಿರುದ್ಧ 1–2ರಿಂದ ಸೋತಿತು. ಎರಡು ಪೆನಾಲ್ಟಿಗಳು ಕೈತಪ್ಪಿದ್ದವು. ಭಾರತದ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಇನ್ನೂ ಹಿಂದೆ, 1937ರಲ್ಲಿ, ಬ್ರಿಟಿಷ್ ಸೈನಿಕ ತಂಡಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ಗೆದ್ದು ತಂದಿತ್ತು. ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡಗಳು ಈ ನಗರದ ಫುಟ್‌ಬಾಲನ್ನು ದಶಕಗಳ ಕಾಲ ಹೊತ್ತವು. ಮೈಸೂರು ರಾಜ್ಯ 1968–69ರಲ್ಲಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಅದನ್ನು ಕರ್ನಾಟಕ ಮತ್ತೆ ಗೆದ್ದದ್ದು 2023ರ ಮಾರ್ಚಿನಲ್ಲಿ, ಸೌದಿಯ ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ. ಆ ಸುದ್ದಿ ಪತ್ರಿಕೆಗಳ ಮುಖಪುಟದಲ್ಲಿ ಇನ್ನಷ್ಟು ದೊಡ್ಡದಾಗಿ ಬರಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇಷ್ಟು ಹಿನ್ನೆಲೆಯನ್ನು ಹೊತ್ತ ಊರಿನ ಹುಡುಗನೊಬ್ಬ ಆ ಪಟ್ಟಿಯಲ್ಲಿ ಭಾರತದ ಬಾವುಟವನ್ನು ಕಂಡು ಅದರ ಮೇಲೆ ಗುಂಡಿ ಒತ್ತಿದ. ಈ ಚರಿತ್ರೆ ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ಆಟ ಅವನನ್ನು ಏನೂ ಕೇಳಲಿಲ್ಲ. ನಿಮ್ಮ ದೇಶ ಎಂದಾದರೂ ಅಲ್ಲಿಗೆ ಹೋಗಿತ್ತೇ, ನಿಮಗೆ ಮೈದಾನವಿದೆಯೇ, ಬೂಟಿದೆಯೇ ಎನ್ನಲಿಲ್ಲ. ಮೊದಲ ಪಂದ್ಯಕ್ಕೆ ಕರೆದೊಯ್ದು ನಿಲ್ಲಿಸಿತು, ಅಷ್ಟೇ.

ಭಾರತವನ್ನು ಆರಿಸಿಕೊಂಡವನಿಗೆ ಆಟ ಯಾವ ವಿನಾಯಿತಿಯನ್ನೂ ಕೊಡುತ್ತಿರಲಿಲ್ಲ. ಬಲದ ಲೆಕ್ಕದಲ್ಲಿ ಭಾರತ ಬ್ರೆಜಿಲ್‌ಗಿಂತ ಎಷ್ಟೋ ಕೆಳಗೆ. ಬ್ರೆಜಿಲ್ ಹಿಡಿದವನು ಓಡಿ ಗೆಲ್ಲಬಹುದು. ಭಾರತ ಹಿಡಿದವನು ಓಟದಲ್ಲಿ ಸೋಲುತ್ತಾನೆ, ಆದ್ದರಿಂದ ಯೋಚಿಸಬೇಕು. ಚೆಂಡನ್ನು ಕಾಲಲ್ಲಿ ಇಟ್ಟುಕೊಳ್ಳದೆ ಬೇಗ ದಾಟಿಸಬೇಕು, ಎದುರಾಳಿ ಮುಂದೆ ನುಗ್ಗುವವರೆಗೆ ತಾಳಬೇಕು, ಒಂದು ಗೋಲು ಬಂದ ಮೇಲೆ ಅದನ್ನು ಕಾಯಬೇಕು. ಕಡಿಮೆ ಬಲ ಇರುವವನು ಹೇಗೆ ಆಡಬೇಕು ಎಂಬ ಈ ಪಾಠ ಬ್ರೆಜಿಲ್ ಹಿಡಿದವನಿಗೆ ಸಿಗುವುದೇ ಇಲ್ಲ. ಸುಮ್ಮನೆ ದೊರೆತ ಹಗಲುಗನಸಾಗಿದ್ದರೆ ಇದು ಒಂದು ವಾರಕ್ಕೆ ಸಪ್ಪೆಯಾಗುತ್ತಿತ್ತು. ಹಾದಿ ಎಲ್ಲರಿಗೂ ತೆರೆದಿತ್ತು, ಆದರೆ ಯಾರಿಗೂ ಸುಲಭ ಮಾಡಿಕೊಟ್ಟಿರಲಿಲ್ಲ. ಹಳೆಯ ಆಟದ ಸೆಳೆತ ಈ ಎರಡೂ ಒಟ್ಟಿಗೆ ಇರುವಲ್ಲಿ ಇದೆ ಎಂದು ನಾನು ನಂಬುತ್ತೇನೆ.

ಇದನ್ನು ಇನ್ನಷ್ಟು ಬಿಚ್ಚಿ ನೋಡಲು ಈ ಆಟಕ್ಕಿಂತ ಹಿಂದಕ್ಕೆ ಹೋಗಬೇಕು. 1989ರಲ್ಲಿ ಡಿನೊ ಡಿನಿ ಎಂಬವರು ಬರೆದ ‘ಕಿಕ್ ಆಫ್’ ಬಂತು. ಅದಕ್ಕೂ ಮುಂಚಿನ ಆಟಗಳಲ್ಲಿ ಚೆಂಡು ಸಾಮಾನ್ಯವಾಗಿ ಆಟಗಾರನ ಕಾಲಿಗೆ ಅಂಟಿಕೊಂಡೇ ಇರುತ್ತಿತ್ತು. ಡಿನಿ ಅದನ್ನು ಬಿಡಿಸಿದರು. ಚೆಂಡು ತನ್ನ ಪಾಡಿಗೆ ತಾನು ಉರುಳುತ್ತದೆ. ಹಿಂದೆ ಓಡಿ ಹಿಡಿಯುವುದು ಆಡುವವನ ಕೆಲಸ. ಕಲಿಯದವನ ಕೈಯಲ್ಲಿ ಅದು ಮಿನುಗಿ ಮಾಯವಾಗುತ್ತಿತ್ತು. 1992ರಲ್ಲಿ ಇಂಗ್ಲೆಂಡಿನ ಸೆನ್ಸಿಬಲ್ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿಯ ಜಾನ್ ಹೇರ್, ಕ್ರಿಸ್ ಚಾಪ್‌ಮನ್ ಮುಂತಾದವರು ‘ಸೆನ್ಸಿಬಲ್ ಸಾಕರ್’ ಮಾಡಿದಾಗ ಚೆಂಡನ್ನು ಒಂದಿಷ್ಟು ಪಳಗಿಸಿದರು. ಅದು ಕಾಲ ಬಳಿಯೇ ಇರುತ್ತದೆ, ಆದರೆ ಥಟ್ಟನೆ ತಿರುಗಿದರೆ ತಪ್ಪಿಹೋಗುತ್ತದೆ. ಮೈದಾನವನ್ನು ಎತ್ತರದಿಂದ ನೋಡುತ್ತೇವೆ. ಆಟಗಾರರು ಇರುವೆಯಷ್ಟು ಚಿಕ್ಕವರು. ಇಡೀ ಆಟಕ್ಕೆ ಇರುವುದು ಒಂದೇ ಗುಂಡಿ. ಪಾಸ್ ಅದರಿಂದಲೇ, ಹೊಡೆತ ಅದರಿಂದಲೇ, ಟ್ಯಾಕಲ್ ಕೂಡ ಅದರಿಂದಲೇ. ಚೆಂಡು ಕಾಲಿನಿಂದ ಹೊರಟ ಮೇಲೆ ಜಾಯ್‌ಸ್ಟಿಕ್ಕನ್ನು ಪಕ್ಕಕ್ಕೆಳೆದರೆ ಅದು ಗಾಳಿಯಲ್ಲಿ ಬಾಗುತ್ತದೆ. ಎಷ್ಟು ಬಾಗುತ್ತದೆ ಎಂಬುದು ಎಷ್ಟು ಬೇಗ ಎಳೆದೆವು ಎಂಬುದಕ್ಕೆ ಬಿಟ್ಟದ್ದು. 1994ರಲ್ಲಿ ಇದರ ಮುಂದುವರಿಕೆಯಾಗಿ ಬಂದ ‘ಸೆನ್ಸಿಬಲ್ ವರ್ಲ್ಡ್ ಆಫ್ ಸಾಕರ್’ ಸುಮಾರು 1,500 ತಂಡಗಳನ್ನೂ 27,000 ಆಟಗಾರರನ್ನೂ ಒಳಗೊಂಡಿತ್ತು.

2007ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಹೆನ್ರಿ ಲೋವುಡ್ ಮತ್ತು ಅವರ ಜೊತೆಗಾರರು, ಮುಂದಿನ ಪೀಳಿಗೆಗೆ ಕಾಪಿಡಲೇಬೇಕಾದ 10 ವಿಡಿಯೋ ಗೇಮ್‌ಗಳ ಪಟ್ಟಿ ಮಾಡಿದರು. ‘ಸ್ಪೇಸ್‌ವಾರ್’, ‘ಟೆಟ್ರಿಸ್’, ‘ಸಿಮ್‌ಸಿಟಿ’, ‘ಡೂಮ್’ಗಳಿರುವ ಆ ಪಟ್ಟಿಯಲ್ಲಿ ಜಾಗ ಪಡೆದ ಒಂದೇ ಒಂದು ಕ್ರೀಡೆಯ ಆಟ ಈ ‘ಸೆನ್ಸಿಬಲ್ ವರ್ಲ್ಡ್ ಆಫ್ ಸಾಕರ್’. ಯುರೋಪಿನಲ್ಲಿ ಇದರ ಅಭಿಮಾನಿಗಳು ಇಂದಿಗೂ ಸೇರಿ ಟೂರ್ನಿ ನಡೆಸುತ್ತಾರೆ, ತಂಡಗಳ ಪಟ್ಟಿಯನ್ನು ತಾವೇ ಕೂತು ಹೊಸದು ಮಾಡುತ್ತಾರೆ.

ಒಂದು ಗುಂಡಿ, ಇರುವೆ ಗಾತ್ರದ ಮನುಷ್ಯರು, ಸ್ವಲ್ಪ ತಪ್ಪಿಸಿಕೊಳ್ಳುವ ಚೆಂಡು. ಇಷ್ಟರಿಂದ 30 ವರ್ಷ ಬಾಳುವ ಆಟ ಆದದ್ದು ಹೇಗೆ? ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ನನಗೆ ಇದಕ್ಕೊಂದು ಸುಳಿವು ಸಿಕ್ಕಿತು. ಅಲ್ಲಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳ ಪಕ್ಕದಲ್ಲೇ ಎಚ್‌ಎಂಟಿಯ ಹಳೆಯ ಲೇತ್ ಒಂದನ್ನು ಉಳಿಸಿಕೊಂಡಿರುತ್ತಾರೆ. 1953ರಲ್ಲಿ ಹುಟ್ಟಿದ ಎಚ್‌ಎಂಟಿ ನೆರೆಯ ಜಾಲಹಳ್ಳಿಯದೇ. ಎನ್‌ಎಚ್ 22, ಎಲ್‌ಬಿ 17 ಎಂಬ ಅದರ ಲೇತ್‌ಗಳ ಹೆಸರು ಹಳೆಯ ಟರ್ನರ್‌ಗಳ ಬಾಯಲ್ಲಿ ಇನ್ನೂ ಇದೆ. ನೂರಾರು ಒಂದೇ ಥರದ ಜಾಬ್ ಬೇಕಿದ್ದರೆ ಸಿಎನ್‌ಸಿ. ಎಲ್ಲೋ ಮುರಿದ ಒಂದೇ ಒಂದು ಶಾಫ್ಟಿಗೆ ಜೋಡಿ ಮಾಡಬೇಕೆಂದರೆ ಹಳೆಯ ಲೇತ್. ಅದರ ಹ್ಯಾಂಡಲ್ ತಿರುಗಿಸಿದಾಗ ಸ್ಲೈಡ್ ಎಷ್ಟು ತಡವಾಗಿ ಅಲುಗುತ್ತದೆ, ಟೂಲ್ ಎಲ್ಲಿ ಹಿಡಿಯುತ್ತದೆ, ಯಾವ ಸದ್ದು ಬಂದರೆ ಕೈ ತಡೆಯಬೇಕು ಎಂಬುದೆಲ್ಲ ಆ ಟರ್ನರನಿಗೆ ಗೊತ್ತು. ಯಂತ್ರದ ಸಡಿಲವನ್ನು ಕೈ ಕಲಿತುಕೊಂಡಿದೆ. ಯಂತ್ರ ತಡೆಯೊಡ್ಡಿದ್ದರಿಂದಲೇ ಕೈಗೆ ಕಲಿಯಲು ಏನೋ ಇತ್ತು.

ಹಳೆಯ ಫುಟ್‌ಬಾಲ್ ಆಟದಲ್ಲೂ ಹೀಗೆಯೇ ಚೆಂಡಿಗೆ ತನ್ನದೊಂದು ಹಟವಿದೆ. ಆ ಹಟ ದಿನದಿನಕ್ಕೆ ಬದಲಾಗುವುದಿಲ್ಲ. ಇಂದು ಕಲಿತದ್ದು ಹತ್ತು ವರ್ಷದ ಮೇಲೂ ನಿಜ. ಈಗಿನ ಆಟಗಳಲ್ಲಿ ಕಂಪನಿ ಎಲ್ಲೋ ಕೂತು ಚೆಂಡಿನ ವೇಗವನ್ನು, ಡಿಫೆಂಡರಿನ ಚುರುಕನ್ನು ತಿಂಗಳಿಗೊಮ್ಮೆ ತಿದ್ದಬಲ್ಲದು. ಕೈ ಪಳಗುವಷ್ಟರಲ್ಲಿ ನಿಯಮವೇ ಬೇರೆಯಾಗಿರುತ್ತದೆ. ಒಂದು ವಿದ್ಯೆ ನನ್ನದಾಗಬೇಕಾದರೆ ವಿದ್ಯೆ ಒಂದೆಡೆ ನಿಲ್ಲಬೇಕು. ಓಡುತ್ತಲೇ ಇರುವುದರ ಬೆನ್ನು ಹತ್ತಬಹುದು, ಅದರಲ್ಲಿ ಪಳಗಲಾಗದು. ದುಡಿಯುವ ಜಾಗದಲ್ಲಿ ಯಂತ್ರ, ಮಾಡೆಲ್, ಟಾರ್ಗೆಟ್, ಸೂಪರ್‌ವೈಸರ್ ಎಲ್ಲವೂ ಬದಲಾಗುತ್ತಲೇ ಇರುವವನಿಗೆ, ತನ್ನ ಕೈಯಲ್ಲಿ ಕ್ರಮೇಣ ಹರಿತವಾಗುತ್ತ ಬಂದ ಒಂದು ಜಾಣ್ಮೆ ಹಾಗೇ ಉಳಿಯುವುದು ಸಣ್ಣ ಸಂಗತಿಯಲ್ಲ.

ಹಣದ ಮಾತೂ ಇಲ್ಲಿ ಬರಬೇಕು. 2009ರಲ್ಲಿ ಇದೇ ಫಿಫಾ ಸರಣಿಗೆ ‘ಅಲ್ಟಿಮೇಟ್ ಟೀಮ್’ ಎಂಬ ವಿಭಾಗ ಸೇರಿತು. ಆಟಗಾರರು ಕಾರ್ಡುಗಳ ಪೊಟ್ಟಣಗಳಲ್ಲಿ ಬರುತ್ತಾರೆ. ಪೊಟ್ಟಣದಲ್ಲಿ ಯಾರಿದ್ದಾರೆಂದು ಒಡೆಯುವವರೆಗೆ ತಿಳಿಯದು. ನಿಜದ ದುಡ್ಡು ಸುರಿದರೆ ಹೆಚ್ಚು ಪೊಟ್ಟಣ, ಹೆಚ್ಚು ಪೊಟ್ಟಣಕ್ಕೆ ಒಳ್ಳೆಯ ತಂಡ. ಬೆಲ್ಜಿಯಂ ದೇಶ 2018ರಲ್ಲಿ ಈ ಥರದ ಪೊಟ್ಟಣಗಳನ್ನು ಜೂಜು ಎಂದು ತೀರ್ಮಾನಿಸಿತು. 2019ರ ಆರಂಭದಲ್ಲಿ ಆಟದ ಕಂಪನಿ ಅಲ್ಲಿ ಅವಕ್ಕೆ ಬೇಕಾದ ಪಾಯಿಂಟುಗಳ ಮಾರಾಟ ನಿಲ್ಲಿಸಬೇಕಾಯಿತು. ಬೆಲ್ಜಿಯಂ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಗೇಮ್ ಅಂಗಡಿಯ ಹುಡುಗನೂ ದುಡ್ಡು ಕೊಡುತ್ತಿದ್ದ. ಆದರೆ ಅವನು ಕೊಳ್ಳುತ್ತಿದ್ದದ್ದು ಒಂದು ಗಂಟೆಯನ್ನು. ಆ ಗಂಟೆಯೊಳಗೆ ಹೆಲ್ಪರ್ ಕೆಲಸದವನ ದುಡ್ಡಿಗೂ ಕಾರ್ಖಾನೆ ಮಾಲೀಕನ ಮಗನ ದುಡ್ಡಿಗೂ ಒಂದೇ ಬೆಲೆ. ಗೋಲನ್ನು ಯಾರೂ ಕೊಳ್ಳುವಂತಿರಲಿಲ್ಲ. ಬಾಡಿಗೆ, ಅಡ್ವಾನ್ಸ್, ಊರಿಗೆ ಕಳಿಸುವ ಹಣ, ಓ.ಟಿ. ಲೆಕ್ಕ ಎಂದು ದಿನವಿಡೀ ಹಣವೇ ಎಲ್ಲವನ್ನೂ ತೀರ್ಮಾನಿಸುವ ಜಾಗದಲ್ಲಿ, ಹಣಕ್ಕೆ ಬಾಗಿಲಿನಾಚೆ ನಿಲ್ಲಬೇಕಾದ ಕೆಲವು ನಿಮಿಷ ಅವನಿಗೆ ಸಿಗುತ್ತಿತ್ತು. ಆಟಗಾರರ ಬಲವನ್ನು ತಿದ್ದಿಕೊಳ್ಳುವ ಸೌಲಭ್ಯ ಆ ಆಟದಲ್ಲೇ ಇತ್ತು, ನಿಜ. ಬೆನ್ನ ಹಿಂದೆ ನಿಂತವರು ಅದಕ್ಕೆ ಬಿಡುತ್ತಿರಲಿಲ್ಲ. ನ್ಯಾಯ ಕಾಯುವ ಕೆಲಸ ಆ ನಾಲ್ಕಾರು ಮಂದಿಯದು.

ಹಳೆಯ ಆಟ ಉಳಿಯುವುದಕ್ಕೆ ಇನ್ನೊಂದು ಕಾರಣ, ಅದು ಮುಗಿದಿದೆ. ಅದರಲ್ಲಿ 1997 ಎಂದೆಂದಿಗೂ 1997. ಬ್ರೆಜಿಲ್‌ನ ರೊನಾಲ್ಡೊಗೆ ಮೊಣಕಾಲಿನ ಆ ದೊಡ್ಡ ಗಾಯ ಇನ್ನೂ ಆಗಿಲ್ಲ. ಫ್ರಾನ್ಸ್ ಇನ್ನೂ ವಿಶ್ವಕಪ್ ಗೆದ್ದಿಲ್ಲ, ಯಾರು ಬೇಕಾದರೂ ಗೆಲ್ಲಬಹುದು. ಮುಗಿದ ವಸ್ತು ನನ್ನ ಕೈಯಲ್ಲಿರುತ್ತದೆ, ಅದನ್ನು ಯಾರೂ ಹಿಂದಕ್ಕೆ ಪಡೆಯಲಾರರು. 2021ರಲ್ಲಿ ಬಂದ ‘ಫಿಫಾ 22’ರಲ್ಲಿ ಮೊದಲ ಬಾರಿಗೆ ಇಂಡಿಯನ್ ಸೂಪರ್ ಲೀಗ್ ಸೇರಿತು. 2013ರಲ್ಲಿ ಹುಟ್ಟಿ ಕಂಠೀರವದಲ್ಲಿ ಆಡುವ ನಮ್ಮ ಬೆಂಗಳೂರು ಎಫ್‌ಸಿ ಹಾಗೆ ಆ ಆಟದೊಳಗೆ ಬಂತು. ಸಂತೋಷದ ಸಂಗತಿಯೇ. ಎರಡೇ ವರ್ಷ. ಫಿಫಾ ಸಂಸ್ಥೆಯ ಜೊತೆಗಿನ ಹೆಸರಿನ ಒಪ್ಪಂದ ಮುಗಿದ ಮೇಲೆ, 2023ರ ಸೆಪ್ಟೆಂಬರಿನಲ್ಲಿ ‘ಫಿಫಾ 14’ರಿಂದ ‘ಫಿಫಾ 23’ರವರೆಗಿನ ಆಟಗಳನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆದುಹಾಕಲಾಯಿತು. ಬೆಂಗಳೂರು ತಂಡ ಮೊದಲು ಕಾಲಿಟ್ಟ ಆಟವನ್ನು ಈಗ ಆ ಅಂಗಡಿಗಳಲ್ಲಿ ಕೊಳ್ಳಲಾಗದು. 1997ರ ಸಿ.ಡಿ. ಗೀರು ಬಿದ್ದಿಲ್ಲದಿದ್ದರೆ ಇಂದಿಗೂ ತಿರುಗುತ್ತದೆ, ಭಾರತ ಅದರೊಳಗೆ ಮೊದಲ ಪಂದ್ಯಕ್ಕೆ ಸಿದ್ಧವಾಗಿ ನಿಂತಿರುತ್ತದೆ.

ಮುಗಿದ ಆಟವೇ ಬಾಳುತ್ತದೆ ಎಂಬುದು ಈ ನಾಡಿಗೆ ಹೊಸ ತಿಳಿವಳಿಕೆಯಲ್ಲ. ಹಳೆಯ ದೇಗುಲಗಳ ಜಗಲಿಕಲ್ಲಿನ ಮೇಲೆ ಹುಲಿ–ಕುರಿ ಆಟದ ಮನೆಗಳನ್ನು ಕೊರೆದಿರುವುದನ್ನು ಯಾರು ಬೇಕಾದರೂ ನೋಡಬಹುದು. ಯಾವ ಕಾಲದ ಯಾರು ಕೊರೆದರೋ, ಇಂದು ನಾಲ್ಕು ಬೆಣಚುಕಲ್ಲು ಇಟ್ಟು ಕೂತರೆ ಆಟ ಶುರುವಾಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ ಎಂಬ ಗ್ರಂಥದಲ್ಲಿ ದೇವತಾರೂಪಗಳಿಗೆ ನಿಧಿಗಳನ್ನು ಮೀಸಲಿಟ್ಟಂತೆಯೇ ಆಟಗಳಿಗೂ ‘ಕೌತುಕನಿಧಿ’ ಎಂಬ ಒಂದು ಭಾಗವನ್ನು ಮೀಸಲಿಟ್ಟರು. ದೇವರ ಚಿತ್ರಗಳ ಸಾಲಿನಲ್ಲಿ ಆಟದ ಹಾಸುಗಳಿಗೂ ಜಾಗ ಕೊಟ್ಟ ಆ ಮನಸ್ಸು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆಟವನ್ನು ಕಾಲಹರಣ ಎಂದುಕೊಂಡವರು ಹಾಗೆ ಮಾಡುವುದಿಲ್ಲ. ಚೌಕಾಬಾರ, ಅಳಗುಳಿಮಣೆ ಇನ್ನೂ ಏಕೆ ಆಡುತ್ತೀರಿ ಎಂದು ಅಜ್ಜಿಯನ್ನು ಯಾರೂ ಕೇಳುವುದಿಲ್ಲ. ಪ್ರತಿ ವರ್ಷ ಹೊಸದಾಗಲೇಬೇಕು ಎಂಬ ಒತ್ತಾಯ ಆಟದೊಳಗಿನಿಂದ ಹುಟ್ಟಿದ್ದಲ್ಲ, ಮಾರಾಟದಿಂದ ಬಂದದ್ದು.

ಇಷ್ಟೆಲ್ಲ ಹೇಳಿದ ಮೇಲೆ, ಈ ಹಳೆಯ ಆಟದಲ್ಲಿ ಇಲ್ಲದ್ದನ್ನೂ ನೋಡಲೇಬೇಕು. ಹಾದಿ ಎಲ್ಲರಿಗೂ ತೆರೆದಿತ್ತು ಎಂದೆ. 172 ತಂಡಗಳಲ್ಲಿ ಹೆಂಗಸರ ತಂಡ ಒಂದೂ ಇರಲಿಲ್ಲ. ಮಹಿಳೆಯರ ಮೊದಲ ವಿಶ್ವಕಪ್ 1991ರಲ್ಲೇ ಚೀನಾದಲ್ಲಿ ನಡೆದುಹೋಗಿತ್ತು. ಈ ಸರಣಿಗೆ ಮಹಿಳಾ ತಂಡಗಳು ಬಂದದ್ದು 2015ರ ‘ಫಿಫಾ 16’ರಲ್ಲಿ, ಅದೂ 12 ದೇಶಗಳದ್ದು; ಭಾರತ ಅವುಗಳಲ್ಲಿ ಇರಲಿಲ್ಲ.

ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರಲ್ಲಿ ಬಹುಪಾಲು ಹೆಂಗಸರು. ಸಂಜೆ ಕಾರ್ಖಾನೆ ಬಿಟ್ಟಾಗ ಎಂಟನೇ ಮೈಲಿಯ ರಸ್ತೆ ತುಂಬ ಅವರೇ. ಅದೇ ರಸ್ತೆಯ ಗೇಮ್ ಅಂಗಡಿಗಳಲ್ಲಿ ಮಾತ್ರ ಅವರನ್ನು ಕಂಡ ನೆನಪು ನನಗಿಲ್ಲ. ಅವರ ಗಂಟೆ ಒಲೆಯ ಮುಂದೆ, ನೀರಿನ ಸಾಲಿನಲ್ಲಿ, ಮಕ್ಕಳ ಹಿಂದೆ ಕಳೆಯುತ್ತಿತ್ತು. ಹಣ ಬಾಗಿಲಾಚೆ ನಿಲ್ಲುತ್ತಿತ್ತು ಎಂದು ನಾನು ಸಂಭ್ರಮಿಸಿದ ಆ ಕೋಣೆಯ ಬಾಗಿಲಾಚೆ ಅವರೂ ಇದ್ದರು. ಹಳೆಯದನ್ನು ಪ್ರೀತಿಸುವವರು ಇದನ್ನು ಬದಿಗಿಟ್ಟು ಮಾತಾಡಿದರೆ ಆ ಪ್ರೀತಿ ಅರೆಬರೆಯದು.

ಅದರಲ್ಲೂ ಫುಟ್‌ಬಾಲಿನಲ್ಲಿ ನಮ್ಮ ಹೆಣ್ಣುಮಕ್ಕಳ ಹಾದಿ ಗಂಡಸರದಕ್ಕಿಂತ ಕಿರಿದಾಗೇನೂ ಇರಲಿಲ್ಲ. 1980ರ ಆಸುಪಾಸಿನಲ್ಲಿ ಕೋಯಿಕ್ಕೋಡಿನಲ್ಲಿ ನಡೆದ ಏಷ್ಯಾ ಮಹಿಳಾ ಟೂರ್ನಿಯಲ್ಲಿ ಭಾರತ ಫೈನಲ್ ತಲುಪಿತು, 1983ರಲ್ಲಿ ಇನ್ನೊಮ್ಮೆ. ಆ ಪೀಳಿಗೆಯಲ್ಲಿ ಬೆಂಗಳೂರಿನ ಚಿತ್ರಾ ಗಂಗಾಧರನ್ ದೇಶಕ್ಕಾಗಿ ಆಡಿದರು. 2025ರ ಜುಲೈನಲ್ಲಿ ಭಾರತದ ವನಿತೆಯರು ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2–1ರಿಂದ ಸೋಲಿಸಿ, ಅರ್ಹತಾ ಸುತ್ತು ಗೆದ್ದು ಏಷ್ಯನ್ ಕಪ್ ಪ್ರವೇಶಿಸಿದರು. 2027ರ ಮಹಿಳಾ ವಿಶ್ವಕಪ್ಪಿಗೆ ಏಷ್ಯಾದಿಂದ ಹೋಗುವ ಹಾದಿ ಅದೇ ಏಷ್ಯನ್ ಕಪ್ಪಿನ ಮೂಲಕ. ಹುಡುಗರು ಸ್ಕ್ರೀನಿನ ಮೇಲೆ ನಡೆದ ಹಾದಿಯಲ್ಲಿ ಇವರು ಕಾಲಿಟ್ಟೇ ನಡೆದರು.

ಆ ಹಳೆಯ ಆಟದಲ್ಲಿ ಆಟಗಾರರ ಹೆಸರು ಬದಲಿಸುವ ಪುಟವೊಂದಿದೆ. ಭಾರತದ ತಂಡವನ್ನು ತೆರೆದು, ಗಾರ್ಮೆಂಟ್ಸಿನ ಒಂದೇ ಲೈನಿನಲ್ಲಿ ಹೊಲಿಯುವ 11 ಮಂದಿಯ ಹೆಸರನ್ನು ಒಂದೊಂದಾಗಿ ಟೈಪ್ ಮಾಡಬಹುದು. ಮುಖ ನೆಟ್ಟಗಿಲ್ಲದ ಆ ಕೋನ ಕೋನದ ಮೈಗಳು ಬೇಡವೆನ್ನುವುದಿಲ್ಲ. ಬಲವನ್ನು ಮಾತ್ರ ಮುಟ್ಟಬಾರದು, ಇದ್ದಷ್ಟೇ ಇರಲಿ. ಆಮೇಲೆ ಅವರಲ್ಲೇ ಒಬ್ಬಳು ಜಾಯ್‌ಸ್ಟಿಕ್ ಹಿಡಿದು ಏಷ್ಯಾದ ಮೊದಲ ಸುತ್ತಿನಿಂದ ಶುರು ಮಾಡಲಿ. ಉಳಿದ ಹತ್ತು ಮಂದಿ ಬೆನ್ನ ಹಿಂದೆ ನಿಂತು ಪಾಸ್ ಕೊಡೇ, ಪಾಸ್ ಕೊಡೇ ಎಂದು ಕೂಗಲಿ.